ಹಕ್ಕಿಗಳ ಲೆಕ್ಕ ಬರೆದಿಟ್ಟ ಡಾ. ಸಲೀಂ ಅಲಿ

ನವೆಂಬರ್ ತಿಂಗಳೆಂದರೆ ನಮ್ಮ ಪಾಲಿಗೆ ರಾಜ್ಯೋತ್ಸವದ ತಿಂಗಳು. ಮಾಟುಂಗದಿಂದ ಡೊಂಬಿವಲಿಯ ವರೆಗೆ, ಗೋರೆಗಾಂವದಿಂದ ನವಿ ಮುಂಬಯಿಯ ವರೆಗೆ, ಎಲ್ಲೆಲ್ಲಿ ನಾಲ್ಕು ಕನ್ನಡದ ಮನೆಗಳಿವೆಯೋ ಅಲ್ಲೆಲ್ಲ ಭುವನೇಶ್ವರಿಯ ಪಟಕ್ಕೆ ಹೂಮಾಲೆ ಏರುವ ತಿಂಗಳು. ಇದೇ ತಿಂಗಳ ೧೨ನೆಯ ತಾರೀಖಿನಂದು ಈ ಮುಂಬಯಿಯಲ್ಲಿಯೇ ಹುಟ್ಟಿದ ಒಬ್ಬ ಮಹನೀಯರ ಸ್ಮರಣೆಯನ್ನು ನಮ್ಮ ಸಂಚಿಕೆಯಲ್ಲಿ ಸೇರಿಸುವುದು ಉಚಿತವೆಂದು ನಮಗೆ ತೋರಿತು. ಅವರು ಕನ್ನಡಿಗರಲ್ಲ. ಆದರೆ ಕನ್ನಡ ನಾಡಿನ ಕೆರೆ, ಕಾಡು, ಬಯಲುಗಳಲ್ಲಿ ನಡೆದಾಡಿ ಅಲ್ಲಿಯ ಹಕ್ಕಿಗಳ ಲೆಕ್ಕವನ್ನು ಶಾಸ್ತ್ರೀಯವಾಗಿ ಬರೆದಿಟ್ಟವರು. ಆ ಲೆಕ್ಕದ ಬೆಲೆ ಅವರ ಕಾಲದಲ್ಲಿ ತಿಳಿದುದಕ್ಕಿಂತ ಇಂದು ಹೆಚ್ಚಾಗಿ ತಿಳಿಯುತ್ತಿದೆ. ಏಕೆಂದರೆ ಅವರು ಬರೆದ ಮೇಲೆ ನಮ್ಮ ಹೊಲಗದ್ದೆಗಳಿಗೆ, ಹೊಳೆಗಳಿಗೆ, ಖಾಡಿಗಳಿಗೆ ಕಣ್ಣಿಗೆ ಕಾಣದ ಹಲವು ವಿಷಗಳು ಇಳಿದುವು. ಯಾವ ಹಕ್ಕಿ ಎಲ್ಲಿ ಎಷ್ಟಿತ್ತು ಎಂದು ಯಾರೂ ಬರೆದಿಡದಿದ್ದರೆ, ಏನು ಹೋಯಿತು ಎಂಬುದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಡಾ. ಸಲೀಂ ಅಲಿಯವರು ಹುಟ್ಟಿದುದು ೧೮೯೬ರಲ್ಲಿ, ಸುಲೇಮಾನಿ ಬೋಹರಾ ಮನೆತನದಲ್ಲಿ. ಒಡಹುಟ್ಟಿದವರಲ್ಲಿ ಅವರೇ ಕಿರಿಯರು. ವರ್ಷ ತುಂಬುವಷ್ಟರಲ್ಲಿ ತಂದೆ ಹೋದರು. ಮೂರು ವರ್ಷವಾಗುವಷ್ಟರಲ್ಲಿ ತಾಯಿಯೂ ಹೋದರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ಮಕ್ಕಳಿಲ್ಲದವರು. ಗಿರಗಾಂವದ ಮಗ್ಗುಲಿನ ಖೇತವಾಡಿಯ ತಮ್ಮ ಮನೆಯಲ್ಲಿ ಈ ತಬ್ಬಲಿಗಳನ್ನು ಸಾಕಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ಅಬ್ಬಾಸ್ ತ್ಯಾಬ್ಜಿಯವರು ಇದೇ ಬಂಧುವರ್ಗದವರು.

ಮಾವನಿಗೆ ಬೇಟೆಯ ಹವ್ಯಾಸ. ಹುಡುಗನ ಕೈಗೂ ಒಂದು ಆಟದ ಗಾಳಿಕೋವಿ ಬಂದಿತು. ಅದರಿಂದ ಗುಬ್ಬಿಗಳನ್ನು ಹೊಡೆಯುವುದೇ ಅವನ ಆಟ. ೧೯೦೮ರ ಸುಮಾರಿನಲ್ಲಿ ಒಂದು ದಿನ ಹೊಡೆದ ಗುಬ್ಬಿಯ ಕತ್ತಿನ ಮೇಲೆ ಹಳದಿಯ ಕಲೆಯೊಂದು ಕಂಡಿತು. ಮನೆಯಲ್ಲಿ ತಿನ್ನಬಹುದಾದ ಹಕ್ಕಿಯೋ ಅಲ್ಲವೋ ಎಂಬ ಸಂದೇಹ ಹುಟ್ಟಿ ಮಾವನಲ್ಲಿಗೆ ಒಯ್ದ. ಮಾವನಿಗೂ ತಿಳಿಯಲಿಲ್ಲ. ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸದಸ್ಯರಾದುದರಿಂದ, ಆ ಸಂಘದ ಕಾರ್ಯದರ್ಶಿಗಳಾಗಿದ್ದ ಮಿಲ್ಲರ್ಡ್ ಎಂಬ ಇಂಗ್ಲಿಷ್ ಗೃಹಸ್ಥರಲ್ಲಿಗೆ ಹುಡುಗನನ್ನು ಕಳುಹಿಸಿದರು. ೧೮೮೩ರಲ್ಲಿ ಕೆಲವು ಹವ್ಯಾಸಿಗಳು ಸೇರಿ ಕಟ್ಟಿದ ಸಂಘವದು. ಅಂಜುತ್ತ ಒಳಗೆ ಹೋದ ಹುಡುಗನನ್ನು ಮಿಲ್ಲರ್ಡರು ಗದರಿಸಲಿಲ್ಲ. ಅದು ಹಳದಿ ಕತ್ತಿನ ಗುಬ್ಬಿ ಎಂದು ಗುರುತಿಸಿ, ಸೆಳೆಖಾನೆಗಳನ್ನು ಒಂದೊಂದಾಗಿ ಎಳೆದು, ಹತ್ತಿ ತುಂಬಿ ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮವನ್ನು ಕೆಡದಂತೆ ಹದಮಾಡಿ ಇಡುವುದನ್ನು ಕಲಿಸುವ ಏರ್ಪಾಡು ಮಾಡಿದರು. ಒಬ್ಬ ಹಿರಿಯರು ಒಬ್ಬ ಹುಡುಗನಿಗಾಗಿ ವ್ಯಯಮಾಡಿದ ಅರ್ಧ ತಾಸು ಇಷ್ಟು ಫಲಕೊಟ್ಟ ಉದಾಹರಣೆ ನಮಗೆ ಹೆಚ್ಚಾಗಿ ಕಾಣಸಿಗದು.

ಪ್ರತಿಯೊಂದು ಹಕ್ಕಿಯ ಕಾಲಿಗೂ ಒಂದು ಚೀಟಿ ಕಟ್ಟಿರುತ್ತಿತ್ತು. ಎಲ್ಲಿ ಸಿಕ್ಕಿತು, ಯಾವ ತಾರೀಖು, ಗಂಡೋ ಹೆಣ್ಣೋ, ಯಾರು ತಂದರು. ಈ ಚೀಟಿಯ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮಗೆ ಅದರ ಕೆಲಸವಿದೆ.

ವಿದ್ಯಾಭ್ಯಾಸದಲ್ಲಿ ಸಲೀಂ ಅಲಿಯವರು ಹೇಳಿಕೊಳ್ಳುವಂಥವರಾಗಿರಲಿಲ್ಲ. ತಲೆನೋವಿನ ಬಾಧೆಯಿಂದ ಕೆಲವು ಕಾಲ ಶಾಲೆಯೇ ತಪ್ಪಿತು. ೧೯೧೩ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು ಹೇಗೋ ದಾಟಿದರು. ಗಣಿತಕ್ಕೆ ಹೆದರಿ ಕಾಲೇಜನ್ನು ಬಿಟ್ಟು ಬರ್ಮಾ ದೇಶದ ಟಾವೋಯ್‌ಗೆ ಹೋದರು. ಅಲ್ಲಿ ಅಣ್ಣಂದಿರ ಗಣಿ ಮತ್ತು ಮರದ ವ್ಯಾಪಾರ. ವ್ಯಾಪಾರ ನೋಡಿಕೊಳ್ಳಲು ಹೋದವರು ಕಾಡಿನಲ್ಲಿ ಹಕ್ಕಿ ನೋಡಿಕೊಂಡಿದ್ದರೆ ವ್ಯಾಪಾರದ ಗತಿ ಏನಾದೀತೆಂದು ನಮ್ಮ ವ್ಯಾಪಾರಿ ಬಂಧುಗಳಿಗೆ ಬಿಡಿಸಿ ಹೇಳಬೇಕಾದುದಿಲ್ಲ. ೧೯೧೭ರಲ್ಲಿ ಮುಂಬಯಿಗೆ ಮರಳಿದರು. ಬೆಳಿಗ್ಗೆ ದಾವರ್ ಕಾಲೇಜಿನಲ್ಲಿ ವಾಣಿಜ್ಯ, ಆ ಮೇಲೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಅವರ ಒತ್ತಾಯದಿಂದ ಪ್ರಾಣಿಶಾಸ್ತ್ರ, ಹೀಗೆ ವ್ಯಾಸಂಗ ನಡೆಯಿತು. ೧೯೧೮ರ ಡಿಸೆಂಬರಿನಲ್ಲಿ ತೆಹ್ಮೀನಾ ಎಂಬವರನ್ನು ಮದುವೆಯಾದರು.

ಪದವಿ ಇಲ್ಲದ್ದರಿಂದ ಸರಕಾರದ ಪ್ರಾಣಿಶಾಸ್ತ್ರ ಸಮೀಕ್ಷೆಯಲ್ಲಿ ಪಕ್ಷಿತಜ್ಞನ ಹುದ್ದೆ ಸಿಕ್ಕಲಿಲ್ಲ. ೧೯೨೬ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ಬಂದವರಿಗೆ ಪ್ರಾಣಿಗಳ ವಿಷಯವನ್ನು ವಿವರಿಸಿ ಹೇಳುವ ಕೆಲಸ ದೊರೆಯಿತು. ತಿಂಗಳಿಗೆ ೩೫೦ ರೂಪಾಯಿ ಸಂಬಳ. ಎರಡು ವರ್ಷವಾಗುವಷ್ಟರಲ್ಲಿ ಈ ಕೆಲಸಕ್ಕೆ ತನ್ನ ತಿಳಿವಳಿಕೆ ಸಾಲದೆಂದು ತೋರಿ, ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ ನಗರದಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಗಳು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ೧೯೩೦ರಲ್ಲಿ ಹಿಂತಿರುಗಿ ಬಂದು ನೋಡಿದರೆ ಹಣದ ಅಭಾವದಿಂದ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು. ವಿದೇಶದಲ್ಲಿ ಕಲಿತು ಬಂದ ಮೂವತ್ತಮೂರರ ಗೃಹಸ್ಥ, ಕೈಯಲ್ಲಿ ಕೆಲಸವಿಲ್ಲ.

ಮುಂಬಯಿಯಲ್ಲಿ ಸಂಸಾರ ನಡೆಸುವುದು ಕಷ್ಟವಾದುದರಿಂದ ದಂಪತಿಗಳು ಅಲಿಬಾಗ್ ಬಳಿಯ ಕಿಹಿಮ್ ಎಂಬ ಕಡಲ ತೀರದ ಹಳ್ಳಿಗೆ ಹೋಗಿ ನಿಂತರು. ಅಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದುವು. ಗೀಜಗನ ಗೂಡನ್ನು ನೋಡದ ಕನ್ನಡಿಗನುಂಟೆ? ಆದರೆ ಆ ಗೂಡಿನ ಸಂಸಾರವನ್ನು ಪೂರ್ಣವಾಗಿ ಬಲ್ಲವರು ಅಂದಿನ ವರೆಗೆ ಇರಲಿಲ್ಲ. ಸಲೀಂ ಅಲಿಯವರು ದಿನವೂ ತಾಸುಗಟ್ಟಲೆ ಕುಳಿತು ಒಂದೊಂದು ಗೂಡಿನ ಕಥೆಯನ್ನೂ ಬರೆದುಕೊಂಡರು. ಗಂಡುಹಕ್ಕಿ ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ. ಹೆಣ್ಣುಹಕ್ಕಿ ಬಂದು ಬಾಡಿಗೆ ಮನೆ ನೋಡಲು ಬಂದ ಗೃಹಿಣಿಯಂತೆ ಒಳಹೊರಗೆ ಪರೀಕ್ಷಿಸಿ, ಒಪ್ಪಿದರೆ ಅಲ್ಲಿ ನೆಲಸುತ್ತದೆ. ಆ ಮೇಲೆಯೇ ಗೂಡು ಪೂರ್ತಿಯಾಗುವುದು. ಅನಂತರ ಗಂಡು ಮತ್ತೊಂದು ಗೂಡಿಗೂ ಮತ್ತೊಬ್ಬ ಹೆಂಡತಿಗೂ ತೊಡಗುತ್ತದೆ! ಈ ಬರಹವು ಅವರಿಗೆ ಜಗತ್ತಿನ ಪಕ್ಷಿವಿಜ್ಞಾನಿಗಳ ನಡುವೆ ಹೆಸರು ತಂದುಕೊಟ್ಟಿತು.

ಹೆಸರು ಬಂದರೂ ಸಂಬಳ ಬರಲಿಲ್ಲ. ಆಗ ಅವರು ಒಂದು ಉಪಾಯ ಹುಡುಕಿದರು. ದೇಶೀ ಸಂಸ್ಥಾನಗಳಲ್ಲಿ ಹಕ್ಕಿಗಳ ಸಮೀಕ್ಷೆ ಆಗಿರಲಿಲ್ಲ. ಪ್ರಯಾಣದ ವೆಚ್ಚ ಕೊಟ್ಟರೆ ಸಾಕು, ವೇತನ ಬೇಡ ಎಂದು ಸಂಸ್ಥಾನಗಳಿಗೆ ಬರೆದರು. ೧೯೩೧-೩೨ರಲ್ಲಿ ಹೈದರಾಬಾದ್ ಸಂಸ್ಥಾನ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳು ಆಗ ಅದರಲ್ಲಿ ಸೇರಿದ್ದುವು. ೧೯೩೩ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ. ಡೇರೆಗಳಲ್ಲಿ ವಾಸ, ಎತ್ತಿನ ಗಾಡಿಯ ಪ್ರಯಾಣ. ನಾಜೂಕಾಗಿ ಬೆಳೆದ ತೆಹ್ಮೀನಾ ಅವರು ಗಂಡನ ಸಂಗಡ ಕಾಡು ಅಲೆದು, ಅಡಿಗೆ ಬಿಡಾರಗಳ ವ್ಯವಸ್ಥೆಯನ್ನೆಲ್ಲ ತಾವೇ ನೋಡಿಕೊಂಡರು. ೧೯೩೯ರಲ್ಲಿ, ಒಂದು ಚಿಕ್ಕ ಶಸ್ತ್ರಕ್ರಿಯೆಯ ತರುವಾಯ, ಆ ಮಹಾತಾಯಿ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿಯವರು ಮತ್ತೆ ಮದುವೆಯಾಗಲಿಲ್ಲ; ಬಾಂದ್ರಾದ ಪಾಲಿ ಹಿಲ್‌ನಲ್ಲಿದ್ದ ಅಕ್ಕ ಕಮೂ ಮತ್ತು ಭಾವನವರ ಮನೆಯೇ ಅವರ ಮನೆಯಾಯಿತು.

ಅದೇ ಹೊತ್ತಿಗೆ, ೧೯೩೯-೪೦ರಲ್ಲಿ, ಮೈಸೂರು ಸಂಸ್ಥಾನದ ಸಮೀಕ್ಷೆ ಬಂದಿತು. ದುಃಖದಲ್ಲಿ ಮುಳುಗಿದ್ದ ಮನುಷ್ಯನಿಗೆ ನಮ್ಮ ಕಾಡುಮೇಡುಗಳು ಆಸರೆಯಾದುವೆಂದು ನಾವು ಭಾವಿಸಿದರೆ ತಪ್ಪಾಗಲಾರದು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವೆ ಸಣ್ಣ ಸಣ್ಣ ನಡುಗಡ್ಡೆಗಳಿವೆ. ೧೭ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಣೆ ಹಾಕಿಸಿದಾಗ ಉಂಟಾದುವು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಬೆಳ್ಳಕ್ಕಿಗಳು ಸಾವಿರಗಟ್ಟಲೆ ಅಲ್ಲಿ ಗೂಡು ಕಟ್ಟುವುದನ್ನು ಕಂಡ ಸಲೀಂ ಅಲಿಯವರು ಈ ಸ್ಥಳವನ್ನು ಕಾಪಾಡಬೇಕೆಂದು ಮೈಸೂರು ಅರಸರ ಮನವೊಲಿಸಿದರು. ೧೯೪೦ರಲ್ಲಿ ಅದು ಪಕ್ಷಿಧಾಮವಾಯಿತು. ಅದೇ ರಂಗನತಿಟ್ಟು. ಬೇಸಿಗೆಯ ರಜೆಗೆ ಊರಿಗೆ ಹೋಗಿ ಮಕ್ಕಳೊಡನೆ ಅಲ್ಲಿ ದೋಣಿ ಹತ್ತಿದ ನಮ್ಮವರು ಅದರ ಹಿಂದೆ ಪಾಲಿ ಹಿಲ್‌ನ ಈ ಬಡಕಲು ಗೃಹಸ್ಥರಿದ್ದರೆಂಬುದನ್ನು ತಿಳಿದರೆ ಸಂತೋಷಪಡುವರು. ೨೦೨೨ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ಜೌಗುನೆಲಗಳ ಪಟ್ಟಿಗೆ ಸೇರಿತು.

ಮೈಸೂರಿನ ಹಕ್ಕಿಗಳ ವಿವರವು ಸಂಘದ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ೧೯೪೧ರಲ್ಲಿ ಭಾರತದ ಹಕ್ಕಿಗಳನ್ನು ಕುರಿತ ಅವರ ಸಚಿತ್ರ ಪುಸ್ತಕ ಹೊರಬಂದು ಮನೆಮಾತಾಯಿತು. ಅಮೇರಿಕದ ಡಿಲ್ಲನ್ ರಿಪ್ಲಿ ಅವರೊಡನೆ ಕೂಡಿ ಬರೆದ ಹತ್ತು ಸಂಪುಟಗಳ ಮಹಾಗ್ರಂಥ ೧೯೬೮ರಿಂದ ೧೯೭೪ರ ವರೆಗೆ ಬಂದಿತು. ಪ್ರಶಸ್ತಿಗಳನ್ನೆಲ್ಲ ಎಣಿಸುತ್ತ ಕೂರುವುದಿಲ್ಲ. ೧೯೫೮ರಲ್ಲಿ ಪದ್ಮಭೂಷಣ, ೧೯೭೬ರಲ್ಲಿ ಪದ್ಮವಿಭೂಷಣ. ಪಾಲ್ ಗೆಟ್ಟಿ ಪ್ರಶಸ್ತಿಯೊಡನೆ ಬಂದ ೫೦,೦೦೦ ಡಾಲರುಗಳನ್ನು ಸಂಘದ ಕೆಲಸಕ್ಕೇ ಕೊಟ್ಟುಬಿಟ್ಟರು. ಮೋಟಾರ್ ಸೈಕಲ್ಲಿನ ಹುಚ್ಚು ಮಾತ್ರ ಅವರನ್ನು ಬಿಡಲಿಲ್ಲ. ೧೯೫೦ರಲ್ಲಿ ಸ್ವೀಡನ್ನಿನ ಪಕ್ಷಿವಿಜ್ಞಾನಿಗಳ ಸಮ್ಮೇಲನಕ್ಕೆ ಯೂರೋಪಿನ ರಸ್ತೆಗಳಲ್ಲಿ ತಮ್ಮ ಸನ್‌ಬೀಮ್ ಗಾಡಿಯನ್ನು ಓಡಿಸಿಕೊಂಡೇ ಹೋದರು. ಆಗ ಅವರಿಗೆ ಐವತ್ತಮೂರು ದಾಟಿತ್ತು.

ಈಗ ವಿಷದ ಮಾತಿಗೆ ಬರೋಣ.

ಸಲೀಂ ಅಲಿಯವರು ೧೯೩೬ರಷ್ಟು ಹಿಂದೆಯೇ ಹಕ್ಕಿಗಳಿಂದ ಬೇಸಾಯಕ್ಕೆ ಆಗುವ ಲಾಭನಷ್ಟಗಳನ್ನು ಶಾಸ್ತ್ರೀಯವಾಗಿ ಅಳೆಯಬೇಕೆಂದು ಲೇಖನ ಬರೆದಿದ್ದರು. ಅದಾದ ಮೂರು ವರ್ಷಕ್ಕೆ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಎಂಬವರು ಡಿ.ಡಿ.ಟಿ. ಎಂಬ ಪುಡಿ ಕೀಟಗಳನ್ನು ಕೊಲ್ಲುವುದೆಂದು ಕಂಡುಹಿಡಿದರು. ೧೯೪೮ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂದಿತು. ಆ ಪುಡಿಯನ್ನು ಇಂದು ಬಯ್ಯುವುದು ಸುಲಭ. ನಮ್ಮಲ್ಲಿ ಶಿರಸಿ, ಯಲ್ಲಾಪುರ, ಸಿದ್ದಾಪುರದ ಕಡೆಯಿಂದ ಬಂದ ಕುಟುಂಬಗಳಿವೆ. ಅವರ ಅಜ್ಜ ಅಜ್ಜಿಯರನ್ನು ಕೇಳಿದವರಿಗೆ ಆ ಬಯ್ಗುಳ ಅಷ್ಟು ಸುಲಭವಾಗಿ ಬಾರದು. ಕಾರವಾರ ಜಿಲ್ಲೆ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಘಟ್ಟದ ಮೇಲಿನ ಹಳ್ಳಿಗಳನ್ನು ಚಳಿಜ್ವರವು ಹಿಂಡಿ ಹಾಕುತ್ತಿತ್ತು. ೧೯೪೬ರಲ್ಲಿ ಮುಂಬಯಿ ಪ್ರಾಂತದ ಮಲೇರಿಯಾ ಅಧಿಕಾರಿಗಳಾದ ಡಾ. ವಿಶ್ವನಾಥನ್ ಅವರು ಈ ಎರಡು ಜಿಲ್ಲೆಗಳಲ್ಲಿಯೇ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕಾರ್ಯವನ್ನು ಆರಂಭಿಸಿದರು. ಜ್ವರ ಇಳಿಯಿತು. ಈ ಅನುಭವದ ಬಲದಿಂದ ೧೯೫೩ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣದ ಯೋಜನೆ ಬಂದಿತು. ಸರಕಾರವೇ ದಿಲ್ಲಿಯಲ್ಲಿ ಡಿ.ಡಿ.ಟಿ. ಕಾರಖಾನೆ ತೆಗೆಯಿತು, ಆ ಮೇಲೆ ನಮ್ಮ ಮುಂಬಯಿಗೆ ಹತ್ತಿರದ ರಸಾಯನಿಯಲ್ಲಿಯೂ ಅದನ್ನು ತಯಾರಿಸಿತು. ಕನ್ನಡದ ಮಕ್ಕಳ ಪ್ರಾಣವನ್ನು ಉಳಿಸಿದ ಪುಡಿ ಅದು. ಇದನ್ನು ಮರೆತು ಮುಂದಿನ ಕಥೆ ಹೇಳಿದರೆ ನ್ಯಾಯವಾಗದು.

ಗೋಡೆಯ ಮೇಲೆ ನಿಂತಿದ್ದರೆ ಕೇಡು ಅಷ್ಟಿರಲಿಲ್ಲ. ಅದು ಹೊಲಕ್ಕೆ ಹೋಯಿತು; ಅಲ್ಲಿಂದ ಮಳೆಯ ನೀರಿನೊಡನೆ ಹೊಳೆಗೆ ಹೋಯಿತು. ಡಿ.ಡಿ.ಟಿ. ಬೇಗನೆ ನಾಶವಾಗುವ ವಸ್ತುವಲ್ಲ. ಹುಳುವಿನ ಮೈಯಲ್ಲಿ ಸ್ವಲ್ಪ, ಆ ಹುಳುಗಳನ್ನು ತಿಂದ ಮೀನಿನ ಕೊಬ್ಬಿನಲ್ಲಿ ಹೆಚ್ಚು, ಆ ಮೀನುಗಳನ್ನು ತಿಂದ ಹಕ್ಕಿಯಲ್ಲಿ ಇನ್ನೂ ಹೆಚ್ಚು, ಹೀಗೆ ಚಕ್ರಬಡ್ಡಿಯಂತೆ ಬೆಳೆಯುತ್ತದೆ. ಮೇಲಿನ ಮೆಟ್ಟಿಲಲ್ಲಿರುವ ಹದ್ದು, ಡೇಗೆ, ಗಿಡುಗಗಳಿಗೆ ಅಸಲು ಬಡ್ಡಿ ಎರಡೂ ಸೇರಿ ಮುಟ್ಟುತ್ತದೆ. ಅಮೇರಿಕದ ರೇಚಲ್ ಕಾರ್ಸನ್ ಎಂಬ ಮಹಿಳೆ ೧೯೬೨ರಲ್ಲಿ ಪುಸ್ತಕ ಬರೆದು ಇದನ್ನು ಲೋಕಕ್ಕೆ ಸಾರಿದರು. ಔಷಧಿಯ ಕಂಪೆನಿಗಳು ಅವರನ್ನು ಹಳಿದುವು. ೧೯೬೪ರಲ್ಲಿ ಅರ್ಬುದ ರೋಗದಿಂದ ಅವರು ತೀರಿಕೊಂಡರು.

ವಿಚಿತ್ರವೇನೆಂದರೆ ಆ ದೊಡ್ಡ ಹಕ್ಕಿಗಳು ವಿಷ ತಿಂದು ಬಿದ್ದು ಸಾಯುತ್ತಲೇ ಇರಲಿಲ್ಲ. ಜೋಡಿಯಾಗಿ ಗೂಡು ಕಟ್ಟುತ್ತಿದ್ದುವು, ಮೊಟ್ಟೆ ಇಡುತ್ತಿದ್ದುವು. ಕಾವು ಕೊಡಲು ಕುಳಿತರೆ ತಾಯಿಯ ಭಾರಕ್ಕೇ ಮೊಟ್ಟೆ ಒಡೆದುಹೋಗುತ್ತಿತ್ತು. ಇಂಗ್ಲೆಂಡಿನ ಡೆರೆಕ್ ರ್ಯಾಟ್‌ಕ್ಲಿಫ್ ಎಂಬ ವಿಜ್ಞಾನಿ ೧೯೬೭ರಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಹೇಗೆ? ಹಳೆಯ ಹವ್ಯಾಸಿಗಳು ಕೂಡಿಟ್ಟಿದ್ದ ಮೊಟ್ಟೆಯ ಚಿಪ್ಪುಗಳನ್ನು ಪೆಟ್ಟಿಗೆಗಳಿಂದ ತೆಗೆದು ತೂಗಿ ಅಳೆದರು. ಪ್ರತಿಯೊಂದರೊಡನೆಯೂ ಸ್ಥಳ, ತಾರೀಖು ಬರೆದ ಚೀಟಿ ಇತ್ತು. ಡೇಗೆಯ ಮೊಟ್ಟೆಯ ಚಿಪ್ಪು ೧೯೪೭ರ ಸುಮಾರಿನಿಂದ ಒಮ್ಮೆಲೇ ತೆಳ್ಳಗಾಗಿತ್ತು. ಸುಮಾರು ಐದರಲ್ಲೊಂದು ಪಾಲು ಕಡಿಮೆ. ಡಿ.ಡಿ.ಟಿ. ಎಲ್ಲೆಡೆ ಹಬ್ಬಿದ ಕಾಲವೂ ಅದೇ. ಚೀಟಿಯ ಮಾತನ್ನು ನಾವು ಮೊದಲೇ ನೆನಪಿಡಲು ಹೇಳಿದುದು ಇದಕ್ಕಾಗಿ. ಸಲೀಂ ಅಲಿಯವರು ತಮ್ಮ ಸಮೀಕ್ಷೆಗಳಿಗಾಗಿ ಹಕ್ಕಿಗಳನ್ನು ಕೋವಿಯಿಂದ ಹೊಡೆದರೆಂದು ಈಚಿನ ಕೆಲವರು ಆಕ್ಷೇಪಿಸುವುದುಂಟು. ಹೌದು, ಹೊಡೆದರು; ಅದನ್ನು ಅವರು ಎಂದೂ ಮರೆಮಾಚಲಿಲ್ಲ. ಆ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ, ಮತ್ತು ಒಂದು ಹಕ್ಕಿಯೂ ಚೀಟಿಯಿಲ್ಲದೆ ಸೆಳೆಖಾನೆ ಸೇರಲಿಲ್ಲ. ಆಕ್ಷೇಪಕ್ಕಿಂತ ಚೀಟಿಯೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಚಿಪ್ಪು ತೆಳ್ಳಗಾದುದೇಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮೈಯಲ್ಲಿಯೂ ಪ್ರಾಣಿಪಕ್ಷಿಗಳ ಮೈಯಲ್ಲಿಯೂ ಕೆಲವು ಗ್ರಂಥಿಗಳಿವೆ. ಅವು ರಕ್ತಕ್ಕೆ ಬಿಡುವ ರಸಗಳೇ ಹಾರ್ಮೋನುಗಳು. ಕನ್ನಡದಲ್ಲಿ ಕೆಲವರು ರಸದೂತಗಳೆನ್ನುತ್ತಾರೆ. ಒಳ್ಳೆಯ ಹೆಸರು. ಒಂದು ಹಂಡೆ ಸಾರಿಗೆ ಚಿಟಿಕೆ ಇಂಗಿದ್ದಂತೆ, ಅವುಗಳ ಪ್ರಮಾಣ ಅತ್ಯಲ್ಪ. ಆದರೆ ಬೆಳವಣಿಗೆ, ಗಂಡು ಹೆಣ್ಣೆಂಬ ಭೇದ, ಮೊಟ್ಟೆ ಮರಿ, ಎಲ್ಲ ಅವುಗಳ ಅಪ್ಪಣೆಯಂತೆ ನಡೆಯಬೇಕು. ಪ್ರತಿಯೊಂದು ರಸವೂ ಒಂದು ಕೀಲಿಕೈ ಇದ್ದಂತೆ. ಜೀವಕೋಶದಲ್ಲಿ ಅದಕ್ಕೆ ತಕ್ಕ ಬೀಗವಿರುತ್ತದೆ. ಕೆಲವು ರಾಸಾಯನಿಕಗಳು ಕಳ್ಳ ಕೀಲಿಕೈಗಳು. ಕೆಲವು ಬೀಗವನ್ನು ತೆಗೆಯುತ್ತವೆ, ಕೆಲವು ಬೀಗದಲ್ಲಿಯೇ ಸಿಕ್ಕಿಕೊಂಡು ನಿಜವಾದ ಕೀಲಿಗೆ ಎಡೆ ಕೊಡುವುದಿಲ್ಲ. ಡಿ.ಡಿ.ಟಿ. ಮೈಯಲ್ಲಿ ಡಿ.ಡಿ.ಇ. ಎಂಬ ವಸ್ತುವಾಗಿ ಮಾರ್ಪಡುತ್ತದೆ. ಅದು ಹಕ್ಕಿಯ ಚಿಪ್ಪು ಕಟ್ಟುವ ಗ್ರಂಥಿಯಲ್ಲಿ ಇಂಥ ದೂತರಸಗಳ ಕೆಲಸವನ್ನು ಕೆಡಿಸುವುದರಿಂದ ಸುಣ್ಣದ ಅಂಶ ಸಾಕಷ್ಟು ಕೂಡುವುದಿಲ್ಲ. ೧೯೮೧ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ ಕಡಲಹಕ್ಕಿಯ ಮೊಟ್ಟೆಗಳಿಗೆ ಡಿ.ಡಿ.ಟಿ. ಸೇರಿಸಿದಾಗ ಗಂಡು ಪಿಂಡಗಳಲ್ಲಿ ಹೆಣ್ಣಿನ ಅಂಡಾಶಯದ ಲಕ್ಷಣಗಳು ಕಂಡುವು. ಅಮೇರಿಕದ ಫ್ಲೋರಿಡಾದಲ್ಲಿ ೧೯೮೦ರಲ್ಲಿ ಒಂದು ರಾಸಾಯನಿಕ ಕಾರಖಾನೆಯ ವಿಷ ಸೋರಿದ ಅಪೋಪ್ಕಾ ಸರೋವರದಲ್ಲಿ ಮೊಸಳೆಯ ಮರಿಗಳಿಗೂ ಇಂಥದೇ ಗತಿಯಾಯಿತು. ಇಂಥ ವಿಷಗಳಿಗೆಲ್ಲ ಹಾರ್ಮೋನು ಕೆಡಿಸುವ ವಸ್ತುಗಳೆಂಬ ಹೆಸರನ್ನು ವಿಜ್ಞಾನಿಗಳು ಗೊತ್ತುಮಾಡಿಕೊಂಡುದು ೧೯೯೧ರಲ್ಲಿ.

ನಮ್ಮ ಕಡಲಲ್ಲಿಯೂ ಇದು ನಡೆದಿದೆ. ಹಡಗಿನ ತಳಕ್ಕೆ ಪಾಚಿ, ಚಿಪ್ಪಿ ಅಂಟದಿರಲೆಂದು ತವರದ ಅಂಶವುಳ್ಳ ಟಿ.ಬಿ.ಟಿ. ಎಂಬ ಬಣ್ಣ ಬಳಿಯುತ್ತಿದ್ದರು. ಅದು ಕರಗಿ ನೀರಿಗೆ ಇಳಿದಲ್ಲಿ ಕಡಲ ಶಂಖದ ಹುಳುಗಳಲ್ಲಿ ಹೆಣ್ಣಿಗೆ ಗಂಡಿನ ಅಂಗ ಮೂಡುತ್ತದೆ. ಗೋವೆಯ ಸಮುದ್ರವಿಜ್ಞಾನಿಗಳು ೧೯೯೯ರಲ್ಲಿ ಪಶ್ಚಿಮ ಕರಾವಳಿಯ ಒಂದು ಜಾತಿಯ ಶಂಖದಲ್ಲಿ ಇದನ್ನು ವರದಿಮಾಡಿದರು. ಆ ಬಣ್ಣವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ೨೦೦೮ರಲ್ಲಿ ಜಾರಿಗೆ ಬಂದಿತು. ಮೂರು ದಿಕ್ಕಿನಲ್ಲಿ ಹಡಗುಗಳಿರುವ ಮುಂಬಯಿಯವರಿಗೆ ಇದು ದೂರದ ಸುದ್ದಿಯಲ್ಲ.

ಇನ್ನೂ ಹತ್ತಿರದ್ದು ಕಾಸರಗೋಡಿನ ಕಥೆ. ಅಲ್ಲಿಯ ಗೇರು ತೋಟಗಳ ಮೇಲೆ ೧೯೭೦ರ ದಶಕದಿಂದ ೨೦೦೦ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕನ್ನಡ, ತುಳು ಮಾತಾಡುವ ಪಡ್ರೆ ಗ್ರಾಮದ ಜನರು ಮೊದಲು ಕಂಡುದು ಜೇನುನೊಣಗಳ, ಮೀನುಗಳ, ಕಪ್ಪೆಗಳ ಸಾವನ್ನು. ಮಕ್ಕಳ ಸರದಿ ಅನಂತರ ಬಂದಿತು. ಅಲ್ಲಿಯ ವೈದ್ಯರಾದ ಡಾ. ಮೋಹನ್ ಕುಮಾರ್ ಮತ್ತು ಪತ್ರಕರ್ತ ಶ್ರೀಪಡ್ರೆಯವರು ಹಟಹಿಡಿದು ಬರೆದುದರಿಂದ ಲೋಕಕ್ಕೆ ತಿಳಿಯಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷೆ ನಡೆಸಿ, ಅಲ್ಲಿಯ ಗಂಡುಮಕ್ಕಳು ಪ್ರಾಯಕ್ಕೆ ಬರುವುದು ತಡವಾಗುತ್ತಿದೆಯೆಂದೂ ರಕ್ತದಲ್ಲಿ ಹಾರ್ಮೋನುಗಳು ಏರುಪೇರಾಗಿವೆಯೆಂದೂ ೨೦೦೩ರಲ್ಲಿ ಪ್ರಕಟಿಸಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ತಡೆಯಿತು. ಜೇನು ಸತ್ತಾಗಲೇ ಎಣಿಸಿದವರ ಮಾತು ಕೇಳಿದ್ದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಮತ್ತೆ ಸಲೀಂ ಅಲಿಯವರ ಕಡೆಗೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು, ಜನಕ್ಕೂ ಜ್ವರ ಹತ್ತಿತು. ಅದೇ ಮಂಗನ ಕಾಯಿಲೆ. ಉಣುಗುಗಳಿಂದ ಹರಡುವ ಆ ರೋಗದ ವೈರಸ್ಸು ರಷ್ಯಾ ದೇಶದ ಒಂದು ರೋಗದ ವೈರಸ್ಸಿಗೆ ಹತ್ತಿರದ್ದಾಗಿ ಕಂಡುದರಿಂದ, ಉತ್ತರದಿಂದ ವಲಸೆ ಬರುವ ಹಕ್ಕಿಗಳು ಅದನ್ನು ಹೊತ್ತು ತಂದುವೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ೧೯೫೯ರಲ್ಲಿ ಸಲೀಂ ಅಲಿಯವರ ಮುಂದಾಳ್ತನದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಮೊದಲಾಯಿತು. ಹಕ್ಕಿಗಳ ಮೇಲಿನ ಅಪವಾದ ಸ್ಥಿರಪಡಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ನಮ್ಮ ದೇಶದಲ್ಲಿ ಕ್ರಮವಾಗಿ ತಿಳಿಯತೊಡಗಿದುದು ಆಗಿನಿಂದ.

ರಾಜಸ್ತಾನದ ಭರತಪುರದ ಜೌಗು ಪ್ರದೇಶವನ್ನು ಒಣಗಿಸಿ ಬೇಸಾಯಕ್ಕೆ ಕೊಡುವ ಪ್ರಯತ್ನವನ್ನು ತಡೆದು ಅದನ್ನು ಹಕ್ಕಿಗಳಿಗೆ ಉಳಿಸಿದವರಲ್ಲಿ ಅವರೇ ಮುಖ್ಯರು. ಅಲ್ಲಿ ಸಂಘದ ವಿಜ್ಞಾನಿಗಳು ವರ್ಷಗಟ್ಟಲೆ ಕುಳಿತು ಲೆಕ್ಕ ಬರೆದರು. ೧೯೮೫ರಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಅದೇ ವರ್ಷ ಆತ್ಮಕಥೆಯೂ ಬಂದಿತು, ಅದರ ಹೆಸರಿನಲ್ಲಿ ಆ ಹಳೆಯ ಗುಬ್ಬಿಯನ್ನೇ ನೆನೆದರು. ೧೯೮೭ರ ಜೂನ್ ತಿಂಗಳಲ್ಲಿ, ತೊಂಬತ್ತು ತುಂಬಿದ ವಯಸ್ಸಿನಲ್ಲಿ, ಮುಂಬಯಿಯಲ್ಲಿಯೇ ತೀರಿಕೊಂಡರು.

ಅವರು ಹೋದ ವರ್ಷದ ಚಳಿಗಾಲ ಮೊದಲ್ಗೊಂಡು ೧೯೮೯-೯೦ರ ವರೆಗೆ ಅವರು ಉಳಿಸಿದ ಭರತಪುರದಲ್ಲಿಯೇ ಹದಿನೆಂಟು ಸಾರಸ ಪಕ್ಷಿಗಳು, ಅವುಗಳೊಡನೆ ಹಲವು ಪಾರಿವಾಳ, ಬೆಳವಗಳು ಸತ್ತುವು. ಪರೀಕ್ಷೆಯಲ್ಲಿ ಆಲ್ಡ್ರಿನ್ ಎಂಬ ಕೀಟನಾಶಕ ಕಂಡುಬಂದಿತು. ಸುತ್ತಲಿನ ಹೊಲಗಳ ಬೀಜದ ಗೋಧಿಗೆ ಅದನ್ನು ಹಚ್ಚುತ್ತಿದ್ದರು. ಅದೇ ಭರತಪುರದಲ್ಲಿ ೧೯೮೦ರ ದಶಕದಲ್ಲಿ ಎಣಿಸಿಟ್ಟಿದ್ದ ರಣಹದ್ದುಗಳ ಗೂಡುಗಳನ್ನು ಸಂಘದ ವಿಭು ಪ್ರಕಾಶರು ಒಂದು ದಶಕದ ಮೇಲೆ ಮತ್ತೆ ಎಣಿಸಿದಾಗ ಎದೆಯೊಡೆಯುವ ಇಳಿತ ಕಂಡಿತು. ಮೊದಲು ಎಲ್ಲರ ಶಂಕೆ ಹೋದುದು ಕೀಟನಾಶಕಗಳ ಕಡೆಗೆ, ರೋಗದ ಕಡೆಗೆ. ನಿಜವಾದ ಕಾರಣ ದನಗಳ ನೋವಿಗೆ ಕೊಡುವ ಡೈಕ್ಲೋಫಿನ್ಯಾಕ್ ಎಂಬ ಔಷಧವೆಂದು ೨೦೦೪ರಲ್ಲಿ ಪ್ರಕಟವಾಯಿತು. ಔಷಧ ತಿಂದ ದನದ ಹೆಣವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತಿತ್ತು. ೨೦೦೬ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದರು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತರಷ್ಟು ಕಣ್ಮರೆಯಾಗಿತ್ತು. ಮಲಬಾರ್ ಹಿಲ್‌ನ ಡುಂಗರವಾಡಿಯಲ್ಲಿ ಪಾರಸಿ ಬಂಧುಗಳ ಅಂತ್ಯವಿಧಿಗೆ ಹದ್ದುಗಳೇ ಇಲ್ಲದೆ, ಬಿಸಿಲಿನ ಕಾವನ್ನು ಕೂಡಿಸುವ ಯಂತ್ರಗಳನ್ನು ನಿಲ್ಲಿಸಬೇಕಾಯಿತು.

ಡಿ.ಡಿ.ಟಿ.ಯನ್ನು ಬೇಸಾಯದಲ್ಲಿ ಬಳಸುವುದಕ್ಕೆ ನಮ್ಮ ದೇಶದಲ್ಲಿ ೧೯೮೯ರಲ್ಲಿ ತಡೆ ಬಂದಿತು.

ವಾಶಿಯ ಸೇತುವೆಯ ಮೇಲೆ ರೈಲು ಹೋಗುವಾಗ, ಐರೋಲಿಯ ಸೇತುವೆಯ ಮೇಲೆ ಬಸ್ಸು ಹೋಗುವಾಗ, ಚಳಿಗಾಲದಿಂದ ಬೇಸಿಗೆಯ ವರೆಗೆ ಠಾಣೆಯ ಖಾಡಿಯಲ್ಲಿ ಗುಲಾಬಿ ಬಣ್ಣದ ಪಟ್ಟಿಯೊಂದು ಕಾಣುತ್ತದೆ. ಅವೇ ರಾಜಹಂಸಗಳು. ೧೯೪೫ರಲ್ಲಿ ಕಚ್ಛದ ರಣದಲ್ಲಿ ಅವುಗಳ ಗೂಡಿನ ಮಹಾನಗರಕ್ಕೆ ಹೋಗಿ ಲೆಕ್ಕ ಹಾಕಿದವರೂ ಸಲೀಂ ಅಲಿಯವರೇ. ಕೆಲವು ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕಿ ಇಲ್ಲಿಗೆ ಬಂದಿವೆ. ೨೦೧೫ರಲ್ಲಿ ಖಾಡಿಯ ಒಂದು ಭಾಗ ಅವುಗಳ ಧಾಮವಾಯಿತು. ಖಾಡಿಯ ಒಂದು ದಂಡೆಯಲ್ಲಿ ೧೯೬೦ರ ದಶಕದಿಂದ ಬೆಳೆದ ಠಾಣೆ-ಬೇಲಾಪುರದ ಕಾರಖಾನೆಗಳ ಸಾಲು. ಇನ್ನೊಂದರಲ್ಲಿ ನಮ್ಮ ಉಪನಗರಗಳ ಚರಂಡಿಗಳು. ಆ ಕೊಳಚೆಯಿಂದ ಬೆಳೆಯುವ ಪಾಚಿಯೇ ಹಂಸಗಳಿಗೆ ಆಹಾರವಾಗಿ ಅವನ್ನು ಇಲ್ಲಿಗೆ ಕರೆದಿದೆಯೆಂದು ಬಲ್ಲವರು ಹೇಳುತ್ತಾರೆ. ಅದರೊಡನೆ ಅವುಗಳ ಹೊಟ್ಟೆಗೆ ಇನ್ನೇನು ಹೋಗುತ್ತದೆಂಬುದು ಎಣಿಸುವವರ, ಅಳೆಯುವವರ ಕೆಲಸ. ಸಂಘದವರು ಈಗ ಅಲ್ಲಿಯೂ ಹಂಸಗಳ ಕಾಲಿಗೆ ಉಂಗುರ ತೊಡಿಸಿ, ಬೆನ್ನಿಗೆ ಚಿಕ್ಕ ಯಂತ್ರ ಕಟ್ಟಿ, ಅವುಗಳ ದಾರಿಯನ್ನು ಹಿಂಬಾಲಿಸಿದ್ದಾರೆ.

ಸಲೀಂ ಅಲಿಯವರ ಹೆಸರಿನಲ್ಲಿ ೧೯೯೦ರಲ್ಲಿ ಕೊಯಮತ್ತೂರಿನ ಹತ್ತಿರ ಆನೈಕಟ್ಟಿಯಲ್ಲಿ ಒಂದು ಸಂಶೋಧನಾ ಕೇಂದ್ರ ಸ್ಥಾಪಿತವಾಯಿತು. ದೇಶದ ನಾನಾ ಕಡೆ ಸತ್ತುಬಿದ್ದ ಹಕ್ಕಿಗಳನ್ನೂ ಮರಿಯಾಗದೆ ಉಳಿದ ಮೊಟ್ಟೆಗಳನ್ನೂ ಅಲ್ಲಿಗೆ ತರಿಸಿ, ಯಾವ ವಿಷ ಎಷ್ಟಿದೆಯೆಂದು ಅಳೆದು, ಪ್ರತಿಯೊಂದಕ್ಕೂ ಸ್ಥಳ ಮತ್ತು ತಾರೀಖಿನ ಚೀಟಿ ಬರೆದು ಇಟ್ಟಿದ್ದಾರೆ.